ಕಾಲಿನ ಓರೆ ತಿದ್ದುವ ಮೊಣಕಾಲು ಶಸ್ತ್ರಚಿಕಿತ್ಸೆ: ದಾನಿಯ ಮೂಳೆಯೋ, ಸ್ವಂತ ಮೂಳೆಯೋ, ಖಾಲಿ ಬಿಡುವುದೋ?

ಮೊಣಕಾಲಿನ ಒಳಬದಿ ಮಾತ್ರ ಸವೆದು ಕಾಲು ಬಿಲ್ಲಿನಂತೆ ಬಾಗಿದವರಿಗೆ, ಇಡೀ ಕೀಲನ್ನು ಬದಲಿಸುವಷ್ಟು ವಯಸ್ಸೂ ಸವೆತವೂ ಆಗಿಲ್ಲವೆಂದು ಕಂಡಾಗ, ಮೂಳೆತಜ್ಞರು ಆಸ್ಟಿಯೊಟಮಿ ಎಂಬ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ. ಮೊಣಕಾಲಿನ ಕೆಳಗಿರುವ ದೊಡ್ಡ ಮೂಳೆ ಟಿಬಿಯಾವನ್ನು ಕೀಲಿಗಿಂತ ಸ್ವಲ್ಪ ಕೆಳಗೆ ಕೊಯ್ದು, ಕೋನವನ್ನು ತಿದ್ದಿ, ದೇಹದ ಭಾರವು ಸವೆದ ಒಳಬದಿಯಿಂದ ಇನ್ನೂ ಚೆನ್ನಾಗಿರುವ ಹೊರಬದಿಯ ಕಡೆಗೆ ಸರಿಯುವಂತೆ ಮಾಡುವುದು ಇದರ ಉದ್ದೇಶ. ಕೊಯ್ದ ಮೂಳೆಯನ್ನು ತೆರೆದು ನಿಲ್ಲಿಸಿದಾಗ ಅಲ್ಲಿ ಬೆಣೆಯ ಆಕಾರದ ಒಂದು ಖಾಲಿ ಜಾಗ ಉಳಿಯುತ್ತದೆ. ಆ ಜಾಗಕ್ಕೆ ಏನನ್ನು ತುಂಬಬೇಕು, ಏನನ್ನಾದರೂ ತುಂಬಲೇಬೇಕೇ ಎಂಬುದು ಈ ಬರಹದ ವಿಷಯ.

ರೋಗಿಯ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಜಾಗವನ್ನು ಖಾಲಿ ಬಿಟ್ಟು ದೇಹವೇ ತುಂಬಿಕೊಳ್ಳಲಿ ಎನ್ನಬಹುದು; ರೋಗಿಯದೇ ಸೊಂಟದ ಮೂಳೆಯಿಂದ ಒಂದು ತುಂಡನ್ನು ತೆಗೆದು ಇಡಬಹುದು; ಮೂಳೆ ಬ್ಯಾಂಕಿನಿಂದ ದಾನಿಯ ಮೂಳೆಯನ್ನು ತರಿಸಬಹುದು; ಅಥವಾ ಕಾರ್ಖಾನೆಯಲ್ಲಿ ತಯಾರಾದ ಕೃತಕ ಪದಾರ್ಥವನ್ನು ತುಂಬಬಹುದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದಾನಿಯ ಮೂಳೆ ಒಳ್ಳೆಯ, ನಂಬಬಹುದಾದ ಆಯ್ಕೆ. ಆದರೆ ಅದು ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಖಾಲಿ ಜಾಗದ ಅಳತೆ, ಎದುರು ಬದಿಯಲ್ಲಿ ಉಳಿದಿರುವ ಮೂಳೆಯ ಸ್ಥಿತಿ ಮತ್ತು ಕೊಯ್ದ ಮೂಳೆಯನ್ನು ಹಿಡಿದಿಡಲು ಹಾಕಿರುವ ಲೋಹದ ಪ್ಲೇಟಿನ ಬಲ. ರೋಗ ಅಂಟೀತು ಎಂಬ ಹೆದರಿಕೆಯಿಂದ ಅದನ್ನು ತಳ್ಳಿಹಾಕುವುದು ಎಷ್ಟು ತಪ್ಪೋ, ಸುಲಭವಾಗಿ ಸಿಗುತ್ತದೆ ಎಂದು ಅಗತ್ಯವಿಲ್ಲದ ಕಡೆ ತುಂಬಿಸುವುದೂ ಅಷ್ಟೇ ತಪ್ಪು.

ಖಾಲಿ ಜಾಗ ಹುಟ್ಟುವ ಬಗೆ

ಸವೆತದ ಸಂಧಿವಾತಕ್ಕೆ ಟಿಬಿಯಾವನ್ನು ಕೊಯ್ದು ತಿದ್ದುವ ಪದ್ಧತಿಯನ್ನು ಬ್ರಿಟನ್ನಿನ ಜಾಕ್ಸನ್ ಮತ್ತು ವಾ 1961ರಲ್ಲಿ ವಿವರಿಸಿದರು. ಅಮೆರಿಕದ ಮೇಯೊ ಕ್ಲಿನಿಕ್‌ನ ಕೊವೆಂಟ್ರಿ 1965ರಲ್ಲಿ ಪ್ರಕಟಿಸಿದ ಬರಹದಿಂದ ಅದು ಹೆಚ್ಚು ಬಳಕೆಗೆ ಬಂದಿತು. ಕೊವೆಂಟ್ರಿ ಅನುಸರಿಸಿದ್ದು ಮುಚ್ಚುವ ಬೆಣೆಯ ವಿಧಾನ: ಹೊರಬದಿಯಿಂದ ಒಂದು ಬೆಣೆಯಷ್ಟು ಮೂಳೆಯನ್ನು ತೆಗೆದು, ಉಳಿದ ಎರಡು ಮುಖಗಳನ್ನು ಒಂದಕ್ಕೊಂದು ಸೇರಿಸುವುದು. ಇಲ್ಲಿ ಮೂಳೆಗೆ ಮೂಳೆ ನೇರವಾಗಿ ತಾಗುವುದರಿಂದ ತುಂಬುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಕಾಲು ಸ್ವಲ್ಪ ಗಿಡ್ಡವಾಗುತ್ತದೆ, ಪಕ್ಕದ ಸಣ್ಣ ಮೂಳೆಯಾದ ಫಿಬುಲಾವನ್ನು ಕೊಯ್ಯಬೇಕಾಗುತ್ತದೆ ಅಥವಾ ಅದರ ಕೀಲನ್ನು ಸಡಿಲಿಸಬೇಕಾಗುತ್ತದೆ, ಮತ್ತು ಪಾದವನ್ನು ಮೇಲೆತ್ತುವ ನರಕ್ಕೆ ಪೆಟ್ಟಾಗುವ ಅಪಾಯ ಇರುತ್ತದೆ.

ತೆರೆಯುವ ಬೆಣೆಯ ವಿಧಾನದಲ್ಲಿ ಒಳಬದಿಯಿಂದ ಕೊಯ್ಯುತ್ತಾ ಹೋಗಿ, ಹೊರಬದಿಯಲ್ಲಿ ಸುಮಾರು ಒಂದು ಸೆಂಟಿಮೀಟರಿನಷ್ಟು ಮೂಳೆಯನ್ನು ಕೊಯ್ಯದೆ ಬಿಡುತ್ತಾರೆ. ಬಾಗಿಲು ತನ್ನ ಹಿಂಜಿನ ಮೇಲೆ ತಿರುಗುವಂತೆ, ಮೂಳೆಯ ಮೇಲಿನ ತುಂಡು ಈ ಉಳಿದ ಭಾಗದ ಮೇಲೆ ನಿಧಾನವಾಗಿ ತೆರೆದುಕೊಳ್ಳುತ್ತದೆ. ವೈದ್ಯರು ಅದನ್ನು ಹಿಂಜ್ ಎಂದೇ ಕರೆಯುತ್ತಾರೆ. ಮಿಲಿಮೀಟರ್ ಲೆಕ್ಕದಲ್ಲಿ ಕೋನವನ್ನು ಹೊಂದಿಸಿಕೊಳ್ಳಲು ಅನುಕೂಲವಾಗುವುದರಿಂದಲೂ ಫಿಬುಲಾವನ್ನು ಮುಟ್ಟಬೇಕಾಗಿಲ್ಲದ್ದರಿಂದಲೂ ಇಂದು ಹೆಚ್ಚಿನ ಶಸ್ತ್ರವೈದ್ಯರು ಇದನ್ನೇ ಆರಿಸಿಕೊಳ್ಳುತ್ತಾರೆ. ಖಾಲಿ ಜಾಗ ಈ ಅನುಕೂಲದ ಜೊತೆಗೇ ಬರುವ ತೊಡಕು.

ಎಷ್ಟು ತೆರೆಯಬೇಕೆಂಬುದನ್ನು ಕಾಲಿನ ಪೂರ್ಣ ಉದ್ದದ ಎಕ್ಸ್-ರೇ ನೋಡಿ ಮೊದಲೇ ಲೆಕ್ಕ ಹಾಕುತ್ತಾರೆ. ಜಪಾನಿನ ಫುಜಿಸಾವಾ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ, ಸೊಂಟದ ಕೀಲಿನಿಂದ ಕಣಕಾಲಿನ ಕೀಲಿಗೆ ಎಳೆದ ಗೆರೆಯು ಟಿಬಿಯಾದ ಮೇಲ್ಮೈಯನ್ನು ಒಳ ಅಂಚಿನಿಂದ ಅಳೆದಾಗ ಸುಮಾರು 62 ಪ್ರತಿಶತದಷ್ಟು ದೂರದಲ್ಲಿ ಹಾದುಹೋಗಬೇಕೆಂಬುದು ಬಹುಕಾಲ ಗುರಿಯಾಗಿತ್ತು. ಈಗ ಸವೆತದ ಪ್ರಮಾಣ ನೋಡಿಕೊಂಡು ಅದಕ್ಕಿಂತ ಕಡಿಮೆ ತಿದ್ದುವವರೂ ಇದ್ದಾರೆ. ಒಂದು ಡಿಗ್ರಿಗೆ ಒಂದು ಮಿಲಿಮೀಟರ್ ಎಂಬ ಲೆಕ್ಕವನ್ನು ರೋಗಿಗಳು ಆಗಾಗ ಕೇಳುತ್ತಾರೆ. ಅದು ಟಿಬಿಯಾ 57 ಮಿಲಿಮೀಟರ್ ಆಸುಪಾಸಿನ ಅಗಲವಿದ್ದಾಗ ಮಾತ್ರ ಸರಿ. ಅದೇ 10 ಡಿಗ್ರಿ ತಿದ್ದುವಾಗ 60 ಮಿಲಿಮೀಟರ್ ಅಗಲದ ಮೂಳೆಯಲ್ಲಿ ತೆರವು ಸುಮಾರು 10.6 ಮಿಲಿಮೀಟರ್ ಆದರೆ, 75 ಮಿಲಿಮೀಟರ್ ಅಗಲದ ಮೂಳೆಯಲ್ಲಿ ಅದು 13 ಮಿಲಿಮೀಟರನ್ನು ದಾಟುತ್ತದೆ. ಆದ್ದರಿಂದ ಇನ್ನೊಬ್ಬರಿಗೂ ತಮಗೂ ಒಂದೇ ಕೋನ ಎಂದು ಒಂದೇ ಬಗೆಯ ಕಸಿಯನ್ನು, ಅಂದರೆ ತುಂಬುವ ಮೂಳೆಯನ್ನೋ ಪದಾರ್ಥವನ್ನೋ, ನಿರೀಕ್ಷಿಸುವುದು ಸರಿಯಾಗುವುದಿಲ್ಲ; ವೈದ್ಯರನ್ನು ಕೇಳಬೇಕಾದದ್ದು ತೆರವು ಎಷ್ಟು ಮಿಲಿಮೀಟರ್ ಎಂದು.

ಖಾಲಿ ಬಿಡುವುದು

ಏನನ್ನೂ ತುಂಬದೆ ಬಿಟ್ಟರೆ ಮೂಳೆ ಕೂಡಿಕೊಳ್ಳುತ್ತದೆಯೇ ಎಂಬ ಅನುಮಾನ ಸಹಜ. ಹಿಂದಿನ ಚಿಕ್ಕ ಪ್ಲೇಟುಗಳ ಕಾಲದಲ್ಲಿ ಈ ಅನುಮಾನಕ್ಕೆ ಆಧಾರವೂ ಇತ್ತು, ಏಕೆಂದರೆ ಆ ಪ್ಲೇಟುಗಳು ತೆರವನ್ನು ಒಂಟಿಯಾಗಿ ಹಿಡಿದು ನಿಲ್ಲಿಸುವಷ್ಟು ಗಟ್ಟಿಯಾಗಿರಲಿಲ್ಲ. ನಡುವೆ ಮೂಳೆಯ ಬೆಣೆ ಇಟ್ಟು ಭಾರವನ್ನು ಹಂಚಲೇಬೇಕಾಗಿತ್ತು. 2000ದ ದಶಕದ ಆರಂಭದಲ್ಲಿ ಉದ್ದನೆಯ ಲಾಕಿಂಗ್ ಪ್ಲೇಟುಗಳು ಬಂದ ಮೇಲೆ ಚಿತ್ರ ಬದಲಾಯಿತು. ಈ ಪ್ಲೇಟುಗಳಲ್ಲಿ ಸ್ಕ್ರೂವಿನ ತಲೆಯೇ ಪ್ಲೇಟಿನ ರಂಧ್ರದೊಳಗೆ ತಿರುಪಿನಂತೆ ಬಿಗಿದುಕೊಳ್ಳುವುದರಿಂದ ಎರಡೂ ಸೇರಿ ಒಂದೇ ಚೌಕಟ್ಟಿನಂತೆ ಕೆಲಸ ಮಾಡುತ್ತವೆ. ತೆರವು ಸುಮಾರು 10 ಮಿಲಿಮೀಟರಿನೊಳಗಿದ್ದು, ಹಿಂಜ್ ಮುರಿಯದೆ ಉಳಿದಿದ್ದರೆ, ಕಸಿ ಹಾಕಿದವರಿಗೂ ಹಾಕದವರಿಗೂ ಕೊನೆಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲವೆಂಬುದನ್ನು ಹಲವು ಹೋಲಿಕೆಯ ಅಧ್ಯಯನಗಳು ತೋರಿಸಿವೆ.

ಖಾಲಿ ಬಿಟ್ಟ ಜಾಗದಲ್ಲಿ ಹೊಸ ಮೂಳೆ ಹಿಂಜ್ ಇರುವ ಹೊರಬದಿಯಿಂದ ಆರಂಭವಾಗಿ ಮೆಲ್ಲಗೆ ಒಳಬದಿಗೆ ಬೆಳೆಯುತ್ತದೆ. ಮೂರು ತಿಂಗಳ ಎಕ್ಸ್-ರೇಯಲ್ಲಿ ಒಳ ಅಂಚು ಇನ್ನೂ ಕಪ್ಪಾಗಿ ಕಂಡರೆ ಗಾಬರಿಯಾಗಬೇಕಿಲ್ಲ. ನಡೆಯಲು ಸಾಕಾಗುವಷ್ಟು ಗಟ್ಟಿತನ ಅದಕ್ಕಿಂತ ಮೊದಲೇ ಬಂದಿರಬಹುದು, ಜಾಗ ಪೂರ್ತಿ ತುಂಬಲು ಒಂದು ವರ್ಷವೂ ಹಿಡಿಯಬಹುದು. ಈ ದಾರಿಯಲ್ಲಿ ಹೊರಗಿನ ವಸ್ತುವೂ ಇಲ್ಲ, ಎರಡನೆಯ ಗಾಯವೂ ಇಲ್ಲ. ತೆರವು ಚಿಕ್ಕದಾಗಿ, ರೋಗಿ ಆರೋಗ್ಯವಂತನಾಗಿ, ತಂಬಾಕಿನಿಂದ ದೂರವಿದ್ದಾಗ ಇದೇ ಮೊದಲ ಆಯ್ಕೆಯಾಗಬೇಕೆಂದು ನಾನು ಬಲವಾಗಿ ನಂಬುತ್ತೇನೆ. ದಾನಿಯ ಮೂಳೆಯ ಬಗ್ಗೆ ಬರೆಯುವಾಗ ಇದನ್ನು ಮುಂದಿಡಲು ಕಾರಣವಿದೆ: ಕಸಿ ಎಂಬ ಪದವನ್ನು ಕೇಳಿದೊಡನೆ ಯಾವ ಕಸಿ ಎಂದು ಕೇಳುವವರು ಹೆಚ್ಚು, ಕಸಿ ಬೇಕೇ ಎಂದು ಕೇಳುವವರು ಕಡಿಮೆ.

ಸ್ವಂತ ಮೂಳೆ

ಕಸಿ ಬೇಕೆಂದಾದಾಗ ಹೋಲಿಕೆಯ ಅಳತೆಗೋಲು ಇಂದಿಗೂ ರೋಗಿಯ ಸ್ವಂತ ಮೂಳೆಯೇ. ಸೊಂಟದ ಮುಂಭಾಗದ ಏಣಿನಿಂದ ತೆಗೆದ ಮೂಳೆಯಲ್ಲಿ ಮೂರು ಗುಣಗಳು ಒಟ್ಟಿಗೆ ಇರುತ್ತವೆ. ಹೊಸ ಮೂಳೆ ಹತ್ತಿಕೊಂಡು ಬೆಳೆಯಲು ಬೇಕಾದ ಹಂದರ ಅದರಲ್ಲಿದೆ, ಸುತ್ತಲಿನ ಕೋಶಗಳನ್ನು ಮೂಳೆಯಾಗುವಂತೆ ಪ್ರಚೋದಿಸುವ ಪ್ರೋಟೀನುಗಳಿವೆ, ಮತ್ತು ತಾವೇ ಮೂಳೆ ಕಟ್ಟಬಲ್ಲ ಜೀವಂತ ಕೋಶಗಳಿವೆ. ಈ ಮೂರನೆಯ ಗುಣ ಸಾಮಾನ್ಯ ದಾನಿ ಮೂಳೆಯಲ್ಲಾಗಲಿ ಕೃತಕ ಪದಾರ್ಥದಲ್ಲಾಗಲಿ ಇರುವುದಿಲ್ಲ. ರೋಗ ದಾಟುವ ಭಯವೂ ಇಲ್ಲ.

ಅದಕ್ಕೆ ಕೊಡಬೇಕಾದ ಬೆಲೆ ಸೊಂಟದ ನೋವು. ಮೊಣಕಾಲಿಗಿಂತ ಸೊಂಟವೇ ಹೆಚ್ಚು ನೋಯುತ್ತಿದೆ ಎಂದು ಮೊದಲ ವಾರಗಳಲ್ಲಿ ಹೇಳುವ ರೋಗಿಗಳು ಅಪರೂಪವಲ್ಲ, ಕೆಲವರಲ್ಲಿ ಆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ. ತೊಡೆಯ ಹೊರಬದಿಗೆ ಸ್ಪರ್ಶಜ್ಞಾನ ಕೊಡುವ ನರ ಅದೇ ಜಾಗದ ಹತ್ತಿರ ಹಾಯುವುದರಿಂದ ಅಲ್ಲಿ ಮರಗಟ್ಟುವಿಕೆ ಅಥವಾ ಉರಿ ಉಳಿಯಬಹುದು. ರಕ್ತ ಹೆಪ್ಪುಗಟ್ಟಿ ಊತ ಬರಬಹುದು, ಸೋಂಕು ತಗುಲಬಹುದು. ಶಸ್ತ್ರಚಿಕಿತ್ಸೆಯ ಸಮಯವೂ ಹೆಚ್ಚುತ್ತದೆ. ಎರಡೂ ಕಾಲುಗಳನ್ನು ಹತ್ತಿರದ ಅವಧಿಯಲ್ಲಿ ತಿದ್ದಿಸಿಕೊಳ್ಳಬೇಕಾದವರು, ಸೊಂಟದಿಂದ ಹಿಂದೊಮ್ಮೆ ಮೂಳೆ ತೆಗೆಸಿಕೊಂಡವರು, ಮೂಳೆಯ ಸಾಂದ್ರತೆ ಕಡಿಮೆ ಇರುವವರು ಈ ದಾರಿಯನ್ನು ಆರಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ದಾನಿಯ ಮೂಳೆ

ಮನುಷ್ಯನಿಂದ ಮನುಷ್ಯನಿಗೆ ಮೂಳೆ ಕಸಿ ಮಾಡಿದ ಮೊದಲ ದಾಖಲೆಗೂ ಕಾಲಿನ ಓರೆ ತಿದ್ದುವ ಶಸ್ತ್ರಚಿಕಿತ್ಸೆಗೂ ಹಳೆಯ ನಂಟಿದೆ. 1880ರ ಸುಮಾರಿಗೆ ಗ್ಲಾಸ್ಗೋದ ವಿಲಿಯಂ ಮೆಕ್ಯೂವನ್ ಎಂಬ ಶಸ್ತ್ರವೈದ್ಯರು, ಸೋಂಕಿನಿಂದ ತೋಳಿನ ಮೂಳೆಯನ್ನೇ ಕಳೆದುಕೊಂಡಿದ್ದ ಚಿಕ್ಕ ಬಾಲಕನೊಬ್ಬನಿಗೆ ಹೊಸ ಮೂಳೆಯನ್ನು ಕಟ್ಟಿಕೊಟ್ಟರು. ಅದಕ್ಕೆ ಅವರು ಬಳಸಿದ್ದು, ಮಕ್ಕಳ ಮೂಳೆಯನ್ನು ಮೆತ್ತಗಾಗಿಸುವ ರಿಕೆಟ್ಸ್ ರೋಗದಿಂದ ಬಾಗಿದ ಕಾಲುಗಳನ್ನು ನೇರಗೊಳಿಸುವಾಗ ಬೇರೆ ರೋಗಿಗಳ ಟಿಬಿಯಾದಿಂದ ತೆಗೆದ ಬೆಣೆಗಳನ್ನು. ಅಂದು ಕಾಲು ತಿದ್ದುವ ಚಿಕಿತ್ಸೆ ಮೂಳೆಯನ್ನು ಕೊಟ್ಟಿತು. ಇಂದು ಅದೇ ಚಿಕಿತ್ಸೆ ಮೂಳೆಯನ್ನು ಬೇಡುತ್ತಿದೆ. ವ್ಯವಸ್ಥಿತ ಸಂಗ್ರಹ ಆರಂಭವಾದದ್ದು ಬಹಳ ನಂತರ. ಅಮೆರಿಕದ ನೌಕಾಪಡೆ 1949ರಲ್ಲಿ ಸ್ಥಾಪಿಸಿದ ಅಂಗಾಂಶ ಬ್ಯಾಂಕ್ ಈ ದಿಕ್ಕಿನ ಮುಖ್ಯ ಹೆಜ್ಜೆ.

ಇಂದು ಮೂಳೆ ಎರಡು ಮೂಲಗಳಿಂದ ಬರುತ್ತದೆ. ಸೊಂಟದ ಕೀಲು ಬದಲಿಸಿಕೊಳ್ಳುವ ರೋಗಿಗಳಿಂದ ತೆಗೆದ ತೊಡೆಮೂಳೆಯ ಗುಂಡು ತಲೆಯನ್ನು, ಅವರ ಒಪ್ಪಿಗೆ ಇದ್ದರೆ, ಬ್ಯಾಂಕಿಗೆ ಕೊಡಲಾಗುತ್ತದೆ. ಮರಣಾನಂತರ ದಾನವಾಗಿ ಬರುವ ಮೂಳೆ ಇನ್ನೊಂದು ಮೂಲ. ದುಃಖದ ಗಳಿಗೆಯಲ್ಲಿ ಒಂದು ಕುಟುಂಬ ಒಪ್ಪಿಗೆ ಕೊಟ್ಟಿದ್ದರಿಂದ ಆ ಮೂಳೆ ಅಲ್ಲಿದೆ ಎಂಬುದನ್ನು ಪಡೆಯುವವರು ನೆನಪಿಡಬೇಕು, ಅದನ್ನು ಅನಗತ್ಯವಾಗಿ ಬಳಸಬಾರದು ಎನ್ನಲು ನನಗಿರುವ ಕಾರಣಗಳಲ್ಲಿ ಇದೂ ಒಂದು.

ಸಂಸ್ಕರಣೆಯ ವಿಷಯ ಸ್ವಲ್ಪ ವಿವರವಾಗಿ ತಿಳಿಯತಕ್ಕದ್ದು, ಏಕೆಂದರೆ ದಾನಿಯ ಮೂಳೆ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಗುಣದ ವಸ್ತುಗಳಿವೆ. ಹೆಪ್ಪುಗಟ್ಟಿಸಿದ ಮೂಳೆಯನ್ನು ಮೈನಸ್ 70 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ಉಷ್ಣತೆಯಲ್ಲಿ ಇಡುತ್ತಾರೆ. ಅದರ ಬಲ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ, ಆದರೆ ಕೇವಲ ಹೆಪ್ಪುಗಟ್ಟಿಸುವುದರಿಂದ ವೈರಸ್‌ಗಳು ಸಾಯುವುದಿಲ್ಲ. ತೇವವನ್ನೆಲ್ಲ ತೆಗೆದು ಒಣಗಿಸಿದ ಮೂಳೆಯನ್ನು ಕೋಣೆಯ ಉಷ್ಣತೆಯಲ್ಲೇ ಇಡಬಹುದು, ಸಾಗಿಸುವುದೂ ಸುಲಭ. ಬಳಸುವ ಮುನ್ನ ಅದನ್ನು ದ್ರವದಲ್ಲಿ ನೆನೆಸದಿದ್ದರೆ ಪೆಡಸಾಗಿ ಸೀಳುವ ಸಂಭವವಿದೆ. ಎರಡೂ ಬಗೆಗಳನ್ನು ರಕ್ತ, ಮಜ್ಜೆ, ಕೊಬ್ಬು ಹೋಗುವಂತೆ ಒತ್ತಡದಿಂದ ತೊಳೆದು, ಕೊನೆಗೆ ಗಾಮಾ ಕಿರಣಗಳಿಂದ ನಿರ್ಜಂತುಗೊಳಿಸಬಹುದು. ಸಾಮಾನ್ಯವಾಗಿ ಬಳಸುವ ಪ್ರಮಾಣ 25 ಕಿಲೋಗ್ರೇ (ಕಿರಣದ ಪ್ರಮಾಣವನ್ನು ಅಳೆಯುವ ಮಾನ). ಪ್ರಮಾಣ ಹೆಚ್ಚಿದಷ್ಟೂ ಮೂಳೆಯೊಳಗಿನ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ಹಾಳಾಗಿ ಅದು ಬೇಗ ಮುರಿಯುವಂತಾಗುತ್ತದೆ. ಹೀಗೆ ಸುರಕ್ಷತೆಯನ್ನು ಹೆಚ್ಚಿಸುವ ಹೆಜ್ಜೆಗಳು ಬಲವನ್ನೂ ಜೈವಿಕ ಗುಣವನ್ನೂ ತುಸು ಕಡಿಮೆ ಮಾಡುತ್ತವೆ. ಮೊಣಕಾಲಿನ ಈ ಶಸ್ತ್ರಚಿಕಿತ್ಸೆಯ ಮಟ್ಟಿಗೆ ಈ ನಷ್ಟ ಸಹಿಸಬಹುದಾದದ್ದು, ಏಕೆಂದರೆ ಭಾರದ ಹೆಚ್ಚಿನ ಪಾಲನ್ನು ಲಾಕಿಂಗ್ ಪ್ಲೇಟ್ ಹೊರುತ್ತದೆ. ಆದ್ದರಿಂದ ಚೆನ್ನಾಗಿ ತೊಳೆದು ಕೊನೆಯಲ್ಲಿ ನಿರ್ಜಂತುಗೊಳಿಸಿದ ಮೂಳೆಯನ್ನು ಕೇಳಿ ಪಡೆಯುವುದೇ ಇಲ್ಲಿ ವಿವೇಕ.

ರೂಪದಲ್ಲೂ ಆಯ್ಕೆಗಳಿವೆ. ಸ್ಪಂಜಿನಂಥ ಒಳಮೂಳೆಯ ಸಣ್ಣ ಚೂರುಗಳು ಜಾಗವನ್ನು ತುಂಬುತ್ತವೆ, ರಕ್ತನಾಳಗಳು ಅವುಗಳ ನಡುವೆ ಬೇಗ ನುಗ್ಗುತ್ತವೆ, ಆದರೆ ಅವು ಭಾರ ಹೊರುವುದಿಲ್ಲ. ತೊಡೆಮೂಳೆಯ ತಲೆಯಿಂದ ಕತ್ತರಿಸಿದ ಇಡಿಯ ಬೆಣೆ ಮೊದಲ ದಿನದಿಂದಲೇ ಆಸರೆ ಕೊಡುತ್ತದೆ. ಬೆಣೆಯನ್ನು ಕೂರಿಸುವ ಕೈ ನುರಿತದ್ದಾಗಿರಬೇಕು. ಟಿಬಿಯಾದ ಮುಂಭಾಗದ ತೆರವು ಹಿಂಭಾಗದ ಒಳ ಅಂಚಿನ ತೆರವಿನ ಸುಮಾರು ಅರ್ಧದಷ್ಟಿದ್ದರೆ ಮಾತ್ರ ಕೀಲಿನ ಸಹಜ ಹಿಂದಿಳಿಜಾರು ಉಳಿಯುತ್ತದೆ. ಎಲ್ಲೆಡೆ ಒಂದೇ ದಪ್ಪದ ಬೆಣೆಯನ್ನು ಮುಂದೆ ತಳ್ಳಿ ಕೂರಿಸಿದರೆ ಇಳಿಜಾರು ಹೆಚ್ಚಿ, ಕೀಲನ್ನು ಒಳಗಿನಿಂದ ಹಿಡಿದಿಡುವ ಮುಂಭಾಗದ ಕ್ರೂಸಿಯೇಟ್ ಅಸ್ಥಿರಜ್ಜಿನ ಮೇಲೆ ಎಳೆತ ಬೀಳುತ್ತದೆ. ಅಳತೆ ಮೀರಿದ ಬೆಣೆಯನ್ನು ಸುತ್ತಿಗೆಯಿಂದ ಬಡಿದು ಕೂರಿಸಲು ಹೋದರೆ ಹಿಂಜೇ ಬಿರಿಯಬಹುದು.

ದಾನಿಯ ಮೂಳೆ ದೇಹದಲ್ಲಿ ಜೀವ ತಳೆಯುವ ರೀತಿ ನಿಧಾನದ್ದು. ರೋಗಿಯ ರಕ್ತನಾಳಗಳು ಅದರೊಳಗೆ ಹರಿದಾಡಿ, ಹಳೆಯ ಮೂಳೆಯನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ, ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತಾ ಹೋಗುತ್ತವೆ. ಚೂರುಗಳಲ್ಲಿ ಈ ಕೆಲಸ ತಿಂಗಳುಗಳಲ್ಲಿ ಮುಂದುವರಿದರೆ, ಗಟ್ಟಿಯಾದ ದೊಡ್ಡ ತುಂಡಿನ ನಡುಭಾಗ ವರ್ಷಗಳವರೆಗೆ ನಿರ್ಜೀವವಾಗಿಯೇ ಉಳಿಯಬಹುದು. ಅದರಿಂದ ನಡೆಯಲು ತೊಂದರೆಯಾಗುವುದಿಲ್ಲ. ಆದರೆ ಗಾಯಕ್ಕೆ ಸೋಂಕು ತಗುಲಿದರೆ ರಕ್ತ ಹರಿಯದ ಆ ಭಾಗ ಬ್ಯಾಕ್ಟೀರಿಯಾಗಳಿಗೆ ಅಡಗುತಾಣವಾಗುತ್ತದೆ. ಮೂತ್ರಪಿಂಡ ಅಥವಾ ಯಕೃತ್ತಿನ ಕಸಿಯಲ್ಲಿ ಕೊಡುವಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳು ಇಲ್ಲಿ ಬೇಕಾಗುವುದಿಲ್ಲ, ರಕ್ತದ ಗುಂಪು ಹೊಂದಬೇಕೆಂಬ ಸಾಮಾನ್ಯ ನಿಯಮವೂ ಇಲ್ಲ. ಒಂದು ಅಪವಾದವನ್ನು ಮರೆಯಬಾರದು: ಆರ್‌ಎಚ್ ನೆಗೆಟಿವ್ ರಕ್ತವಿದ್ದು ಮುಂದೆ ಗರ್ಭ ಧರಿಸಬಹುದಾದ ಮಹಿಳೆಗೆ, ಸರಿಯಾಗಿ ತೊಳೆಯದ ಆರ್‌ಎಚ್ ಪಾಸಿಟಿವ್ ದಾನಿಯ ಹೆಪ್ಪುಗಟ್ಟಿಸಿದ ಮೂಳೆಯನ್ನು ಹಾಕಿದರೆ, ಅದರಲ್ಲಿ ಉಳಿದ ರಕ್ತಕಣಗಳಿಂದ ಆಕೆಯ ದೇಹದಲ್ಲಿ ಪ್ರತಿಕಾಯಗಳು ಹುಟ್ಟಿ ಮುಂದಿನ ಗರ್ಭಕ್ಕೆ ಅಪಾಯ ತರಬಹುದು. ಹಾಗೆಯೇ ಸಂಸ್ಕರಣೆಯಲ್ಲಿ ಬಳಸಿದ ಪ್ರತಿಜೈವಿಕಗಳ ಅಂಶ ಮೂಳೆಯಲ್ಲಿ ಉಳಿದಿರಬಹುದಾದ್ದರಿಂದ, ಅಂಥ ಔಷಧಗಳ ಅಲರ್ಜಿ ಇರುವವರು ಅದನ್ನು ಮೊದಲೇ ತಿಳಿಸಬೇಕು.

ರೋಗ ದಾಟುವ ಅಪಾಯ ಎಷ್ಟು?

ಹೆಚ್ಚಿನವರ ಮನಸ್ಸನ್ನು ಕಾಡುವುದು ಇದೇ ಪ್ರಶ್ನೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುವುದು ಒಳ್ಳೆಯದು. 1985ರಲ್ಲಿ ಅಮೆರಿಕದಲ್ಲಿ ಒಬ್ಬ ದಾನಿಯ ರಕ್ತದಲ್ಲಿ ಎಚ್‌ಐವಿ ಪ್ರತಿಕಾಯಗಳು ಪರೀಕ್ಷೆಗೆ ಸಿಗಲಿಲ್ಲ, ಏಕೆಂದರೆ ಸೋಂಕು ತಗುಲಿ ಸ್ವಲ್ಪ ಕಾಲವಷ್ಟೇ ಆಗಿತ್ತು. ಆತನ ಅಂಗಗಳನ್ನೂ ಸಂಸ್ಕರಿಸದ ಹೆಪ್ಪುಗಟ್ಟಿದ ಮೂಳೆಯನ್ನೂ ಪಡೆದವರಿಗೆ ಸೋಂಕು ದಾಟಿತು. ಅದೇ ದಾನಿಯಿಂದ ಒಣಗಿಸಿದ ಅಥವಾ ಬೇರೆ ಬಗೆಯಲ್ಲಿ ಸಂಸ್ಕರಿಸಿದ ಅಂಗಾಂಶಗಳನ್ನು ಪಡೆದು ಪರೀಕ್ಷೆಗೆ ಒಳಗಾದವರಲ್ಲಿ ಸೋಂಕು ಕಂಡುಬರಲಿಲ್ಲ. 1992ರಲ್ಲಿ ಪ್ರಕಟವಾದ ಈ ವರದಿ ಎರಡು ಪಾಠಗಳನ್ನು ಕಲಿಸಿತು: ಪ್ರತಿಕಾಯಗಳ ಪರೀಕ್ಷೆಯೊಂದೇ ಸಾಲದು, ಮತ್ತು ಸಂಸ್ಕರಣೆಗೆ ನಿಜವಾದ ಬೆಲೆಯಿದೆ. ಈಗ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗಳ ಜೊತೆಗೆ ವೈರಸ್‌ನ ಆನುವಂಶಿಕ ವಸ್ತುವನ್ನೇ ಹುಡುಕುವ ಪರೀಕ್ಷೆಯನ್ನು ಉತ್ತಮ ಬ್ಯಾಂಕುಗಳು ನಡೆಸುತ್ತವೆ. ಜೀವಂತ ದಾನಿಗಳಾದರೆ ಆರು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷಿಸಿದ ಮೇಲಷ್ಟೇ ಮೂಳೆಯನ್ನು ಹೊರಗೆ ಬಿಡುವ ಕ್ರಮವೂ ಇದೆ. ಸರಿಯಾಗಿ ಆರಿಸಿ ಪರೀಕ್ಷಿಸಿದ ದಾನಿಯ ಮೂಳೆಯಿಂದ ಎಚ್‌ಐವಿ ದಾಟುವ ಸಂಭವವನ್ನು ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಂದಾಜಿಸಲಾಗಿದೆ.

ವೈರಸ್‌ಗಿಂತ ಬ್ಯಾಕ್ಟೀರಿಯಾದ ಕಡೆಗೇ ಎಚ್ಚರ ಹೆಚ್ಚು ಬೇಕು. 2001ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ದಾನಿಯ ಮೂಳೆ ಮತ್ತು ಮೃದ್ವಸ್ಥಿಯನ್ನು ಮೊಣಕಾಲಿಗೆ ಕಸಿ ಮಾಡಿಸಿಕೊಂಡ ಯುವಕನೊಬ್ಬ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾದ ಸೋಂಕಿನಿಂದ ತೀರಿಕೊಂಡ. ಆ ಅಂಗಾಂಶ ಅಂತಿಮ ನಿರ್ಜಂತುಕರಣಕ್ಕೆ ಒಳಗಾಗಿರಲಿಲ್ಲ. 2021ರಲ್ಲಿ, ಜೀವಕೋಶಗಳನ್ನು ಉಳಿಸಿಕೊಂಡು ತಯಾರಿಸಿದ ಒಂದು ದಾನಿ ಮೂಳೆಯ ಉತ್ಪನ್ನದಿಂದ ಅಮೆರಿಕದಲ್ಲಿ ಕ್ಷಯರೋಗ ಹರಡಿತು. ಅದನ್ನು ಮುಖ್ಯವಾಗಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳಲ್ಲಿ, ನೂರಕ್ಕೂ ಹೆಚ್ಚು ರೋಗಿಗಳಿಗೆ ಬಳಸಲಾಗಿತ್ತು. ಕೋಶಗಳು ಬದುಕಿರಬೇಕಾದರೆ ಕಿರಣಗಳಿಂದ ನಿರ್ಜಂತುಗೊಳಿಸುವಂತಿಲ್ಲ ಎಂಬುದೇ ಅಂಥ ಉತ್ಪನ್ನಗಳ ತೊಡಕು. ಈ ಎರಡೂ ದುರಂತಗಳು ಒಂದೇ ಕಡೆಗೆ ಬೆರಳು ತೋರುತ್ತವೆ. ಟಿಬಿಯಾದ ತೆರವು ತುಂಬಲು ಜೀವಂತ ಕೋಶವಾಗಲಿ ಜೀವಂತ ಮೃದ್ವಸ್ಥಿಯಾಗಲಿ ಬೇಕಾಗಿಲ್ಲ. ಹೀಗಿರುವಾಗ ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಅಗತ್ಯವೂ ಇಲ್ಲ.

ಕೃತಕ ಪದಾರ್ಥಗಳು

ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯ ಪದಾರ್ಥಗಳಲ್ಲಿ ಹೆಚ್ಚು ಬಳಕೆಯಲ್ಲಿರುವವು ಹೈಡ್ರಾಕ್ಸಿಅಪಟೈಟ್ ಮತ್ತು ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ರೋಗ ದಾಟುವ ಪ್ರಶ್ನೆಯೇ ಇಲ್ಲ, ಬೇಕಾದ ಅಳತೆಯಲ್ಲಿ ಸಿಗುತ್ತವೆ, ಧಾರ್ಮಿಕ ಅಥವಾ ವೈಯಕ್ತಿಕ ನಂಬಿಕೆಯಿಂದ ಮನುಷ್ಯನ ಇಲ್ಲವೇ ಪ್ರಾಣಿಯ ಮೂಳೆ ಬೇಡವೆನ್ನುವವರಿಗೆ ಒಪ್ಪಿಗೆಯಾಗುತ್ತವೆ. ಆದರೆ ಇವು ಹಂದರ ಮಾತ್ರ. ಹೈಡ್ರಾಕ್ಸಿಅಪಟೈಟ್ ವರ್ಷಗಳು ಕಳೆದರೂ ಕರಗದೆ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತಲೇ ಇರುತ್ತದೆ, ಇದರಿಂದ ಮೂಳೆ ನಿಜವಾಗಿ ಕೂಡಿದೆಯೇ ಎಂದು ಹೇಳುವುದು ವೈದ್ಯರಿಗೂ ಕಷ್ಟವಾಗುತ್ತದೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಹೆಚ್ಚು ಬೇಗ ಕರಗಿ ಮೂಳೆಗೆ ಜಾಗ ಬಿಡುತ್ತದೆ. ಕ್ಯಾಲ್ಸಿಯಂ ಸಲ್ಫೇಟ್ ಕೆಲವೇ ವಾರಗಳಲ್ಲಿ, ಮೂಳೆ ಬೆಳೆಯುವ ವೇಗಕ್ಕಿಂತ ಮುಂಚೆಯೇ ಕರಗಿಹೋಗುವುದರಿಂದ ಈ ಕೆಲಸಕ್ಕೆ ತಕ್ಕದ್ದಲ್ಲವೆಂದು ನನ್ನ ಅಭಿಪ್ರಾಯ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೂಡುವಿಕೆ ತಡವಾಗುವುದು ಅಥವಾ ಆಗದೇ ಹೋಗುವುದು ಸ್ವಂತ ಮೂಳೆ ಮತ್ತು ದಾನಿಯ ಮೂಳೆಗಳಿಗಿಂತ ಕೃತಕ ಪದಾರ್ಥಗಳಲ್ಲಿ ಹೆಚ್ಚಾಗಿ ಕಂಡುಬಂದಿದೆ.

ಖನಿಜವನ್ನು ತೆಗೆದುಹಾಕಿ ಪ್ರಚೋದಕ ಪ್ರೋಟೀನುಗಳನ್ನು ಉಳಿಸಿಕೊಂಡ ದಾನಿ ಮೂಳೆಯ ಪುಡಿಯೋ ಮುದ್ದೆಯೋ ಕೂಡ ದೊರೆಯುತ್ತದೆ. ಅಂಥ ಮೂಳೆಗೆ ಹೊಸ ಮೂಳೆಯನ್ನು ಹುಟ್ಟಿಸುವ ಶಕ್ತಿಯಿದೆಯೆಂದು 1965ರಲ್ಲಿ ತೋರಿಸಿಕೊಟ್ಟವರು ಮಾರ್ಷಲ್ ಯೂರಿಸ್ಟ್. ಅದು ಆಸರೆ ಕೊಡಲಾರದು. ಚೂರುಗಳ ಜೊತೆ ಬೆರೆಸಲಷ್ಟೇ ಉಪಯುಕ್ತ.

ಯಾರಿಗೆ ಯಾವುದು

ತೆರವು ಹಿರಿದಾಗಿ, ಅಂದರೆ 10 ಮಿಲಿಮೀಟರನ್ನು ಸ್ಪಷ್ಟವಾಗಿ ಮೀರಿ ಹೋದಾಗ, ದಾನಿಯ ಮೂಳೆಯ ಕಡೆಗೆ ತಕ್ಕಡಿ ವಾಲತೊಡಗುತ್ತದೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹಿಂಜ್ ಬಿರಿದರೆ ಇನ್ನೂ ಹೆಚ್ಚು. ಆ ಬಿರುಕುಗಳನ್ನು ಟಕೆಯುಚಿಯವರ ವರ್ಗೀಕರಣದಂತೆ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ಕೊಯ್ತದ ಗೆರೆಯ ಮುಂದುವರಿಕೆಯಾಗಿ ಹೊರಬದಿಗೆ ಹೋಗುವಂಥದು, ಅಷ್ಟಾಗಿ ಅಸ್ಥಿರವಲ್ಲ. ಕೆಳಕ್ಕೆ ಇಳಿಯುವ ಎರಡನೆಯ ಬಗೆಯೂ ಕೀಲಿನೊಳಕ್ಕೆ ಏರುವ ಮೂರನೆಯ ಬಗೆಯೂ ಅಸ್ಥಿರ, ಅಲ್ಲಿ ಕೂಡುವಿಕೆ ತಡವಾಗುವ ಸಂಭವ ಹೆಚ್ಚು. ಹಿಂಜ್ ಬಿರಿಯುತ್ತದೆಯೋ ಇಲ್ಲವೋ ಎಂಬುದು ಮೊದಲೇ ತಿಳಿಯುವಂಥದಲ್ಲವಾದ್ದರಿಂದ, ಖಾಲಿ ಬಿಡುವ ಯೋಜನೆಯಿದ್ದರೂ ದಾನಿಯ ಮೂಳೆಗೆ ಮುಂಚಿತವಾಗಿ ಒಪ್ಪಿಗೆ ಪಡೆದು, ಅದನ್ನು ಕೈಗೆ ಸಿಗುವಂತೆ ಇರಿಸಿಕೊಳ್ಳುವ ವೈದ್ಯರು ದೂರದೃಷ್ಟಿಯುಳ್ಳವರು. ಅಂಥ ಒಪ್ಪಿಗೆಪತ್ರವನ್ನು ಕಂಡು ಅನುಮಾನಿಸಬೇಕಿಲ್ಲ.

ಮಂಡಿಗಳು ಒಂದಕ್ಕೊಂದು ತಾಗುವಂತೆ ಕಾಲು ಒಳಕ್ಕೆ ಬಾಗಿರುವವರಲ್ಲಿ ತಿದ್ದುಪಡಿ ಹೆಚ್ಚಾಗಿ ತೊಡೆಮೂಳೆಯ ಕೆಳತುದಿಯಲ್ಲಿ ನಡೆಯುತ್ತದೆ. ಅಲ್ಲಿ ಹೊರಬದಿಯಿಂದ ತೆರೆದರೆ ಕೂಡುವಿಕೆ ಟಿಬಿಯಾದಷ್ಟು ಸಲೀಸಲ್ಲ, ಹಾಗಾಗಿ ಕಸಿ ಹಾಕುವ ರೂಢಿ ಹೆಚ್ಚು. ಇಲ್ಲವೇ ಒಳಬದಿಯಿಂದ ಮುಚ್ಚುವ ಬೆಣೆಯನ್ನೇ ಆರಿಸಿ ಕಸಿಯ ಪ್ರಶ್ನೆಯನ್ನು ತಪ್ಪಿಸಬಹುದು.

ತಂಬಾಕು ಸೇದುವವರು, ಅಗಿಯುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಇನ್ನೊಂದು ಗುಂಪು. ಇವರಲ್ಲಿ ಮೂಳೆ ಕಟ್ಟುವ ಸ್ವಂತ ಶಕ್ತಿಯೇ ಕುಂದಿರುತ್ತದೆ. ದಾನಿಯ ಮೂಳೆಯಲ್ಲಿ ಜೀವಂತ ಕೋಶಗಳಿಲ್ಲದ ಕಾರಣ ಅದು ಈ ಕೊರತೆಯನ್ನು ತುಂಬಿಕೊಡಲಾರದು, ಹಾಗಾಗಿ ಕಸಿ ಅನಿವಾರ್ಯವಾದರೆ ಇಂಥವರಲ್ಲಿ ಸ್ವಂತ ಮೂಳೆಗೆ ಒಂದು ತೂಕ ಹೆಚ್ಚು. ಆದರೂ ಯಾವ ಕಸಿಯೂ ತಂಬಾಕು ಬಿಟ್ಟಷ್ಟು ಉಪಕಾರ ಮಾಡಲಾರದು. ಶಸ್ತ್ರಚಿಕಿತ್ಸೆಗೆ ವಾರಗಳ ಮೊದಲು ನಿಲ್ಲಿಸಿ, ಮೂಳೆ ಕೂಡುವವರೆಗೂ ದೂರವಿರಲು ಸಿದ್ಧರಿಲ್ಲದವರಿಗೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡುವ ವೈದ್ಯರಿದ್ದಾರೆ, ಅವರು ಮಾಡುವುದು ಸರಿ.

ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಕೂಡದೆ ಎರಡನೆಯ ಬಾರಿ ಮಾಡಬೇಕಾಗಿ ಬಂದರೆ ಸಾಮಾನ್ಯವಾಗಿ ಸ್ವಂತ ಮೂಳೆಯೇ ಮೇಲು.

ವೈದ್ಯರೊಡನೆ ಮಾತಾಡುವಾಗ

ತೆರವಿನ ಅಳತೆ, ಪ್ಲೇಟಿನ ಬಗೆ, ಹಿಂಜ್ ಬಿರಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಮೊದಲು ಬರಲಿ. ದಾನಿಯ ಮೂಳೆ ಎಂದಾದರೆ ಅದು ಪರವಾನಗಿಯುಳ್ಳ ಬ್ಯಾಂಕಿನದೇ, ಜೀವಂತ ದಾನಿಯದೋ ಮರಣಾನಂತರದ ದಾನವೋ, ಆನುವಂಶಿಕ ವಸ್ತುವಿನ ಪರೀಕ್ಷೆ ಆಗಿದೆಯೇ, ಕೊನೆಯಲ್ಲಿ ಕಿರಣಗಳಿಂದ ನಿರ್ಜಂತುಗೊಳಿಸಿದ್ದಾರೆಯೇ ಎಂದು ಕೇಳಿ. ಇವು ವೈದ್ಯರನ್ನು ಪರೀಕ್ಷಿಸುವ ಪ್ರಶ್ನೆಗಳೆಂದು ಸಂಕೋಚಪಡಬೇಕಿಲ್ಲ. ಉತ್ತರ ಪೊಟ್ಟಣದ ಜೊತೆ ಬರುವ ಕಾಗದದಲ್ಲೇ ಬಹುತೇಕ ಇರುತ್ತದೆ. ಪ್ರತಿ ಪೊಟ್ಟಣಕ್ಕೂ ದಾನಿಯ ಹೆಸರಿಲ್ಲದ ಒಂದು ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ ನಿಮ್ಮ ಡಿಸ್ಚಾರ್ಜ್ ಪತ್ರದಲ್ಲಿ ನಮೂದಾಗಿದೆಯೇ ಎಂದು ನೋಡಿ, ಇಲ್ಲವಾದರೆ ಬರೆಸಿಕೊಳ್ಳಿ, ಏಕೆಂದರೆ ಮುಂದೆ ಅದೇ ದಾನಿಯ ಅಂಗಾಂಶದ ಬಗ್ಗೆ ಎಚ್ಚರಿಕೆ ಬಂದರೆ ನಿಮ್ಮನ್ನು ತಲುಪುವ ದಾರಿ ಅದೊಂದೇ.

ಯಾವ ಕಸಿ ಹಾಕಿದರೂ ಊರುಗೋಲಿನ ಅವಧಿ ಒಂದೇ ಎಂದು ಭಾವಿಸಬೇಡಿ. ಬಲವಾದ ಪ್ಲೇಟ್ ಮತ್ತು ಗಟ್ಟಿಯಾದ ಹಿಂಜ್ ಇದ್ದವರು ಬೇಗ ಭಾರ ಹಾಕಬಹುದು. ಹಿಂಜ್ ಬಿರಿದವರಿಗೆ ಸುಮಾರು ಆರು ವಾರ ಪಾದವನ್ನು ತುಸುವಷ್ಟೇ ಊರಲು ಹೇಳಬಹುದು. ಪ್ಲೇಟ್ ಚರ್ಮದಡಿ ತಾಗಿ ಕಿರಿಕಿರಿ ಮಾಡಿದರೆ ಒಂದು ವರ್ಷ ಅಥವಾ ಒಂದೂವರೆ ವರ್ಷದ ನಂತರ ತೆಗೆಸಬಹುದು. ಅದಕ್ಕೂ ಮುನ್ನ ಕಸಿ ಕೂಡಿದೆಯೇ ಎಂಬುದು ಎಕ್ಸ್-ರೇಯಲ್ಲಿ ಸಂದೇಹವಾದರೆ ಸಿಟಿ ಸ್ಕ್ಯಾನ್ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಗಾಯದಿಂದ ದ್ರವ ಸೋರುವುದು, ದಿನದಿಂದ ದಿನಕ್ಕೆ ಹೆಚ್ಚುವ ನೋವು, ಜ್ವರ, ಇವುಗಳಲ್ಲಿ ಯಾವುದೇ ಕಂಡರೂ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ತಿಳಿಸಿ, ದಾನಿಯ ಮೂಳೆ ಹಾಕಿದ್ದಾರೆಂಬುದನ್ನು ಮೊದಲ ಮಾತಿನಲ್ಲೇ ಹೇಳಿ.